ಹತ್ತಿ ಬಿಡಿಸುವ ಹೊತ್ತಿಗೆ ಎಂಟನೇ ತರಗತಿ

ದಸರಾ ರಜೆ ಮುಗಿಯಿತು ಎಂದರೆ ರಾಯಚೂರು, ಯಾದಗಿರಿ ಕಡೆಯ ಹೊಲಗಳಲ್ಲಿ ಹತ್ತಿ ಒಡೆಯುವ ಕಾಲ. ಬೆಳಗ್ಗೆ ಏಳಕ್ಕೆಲ್ಲ ಊರ ಅಗಸಿಯ ಮುಂದೆ ಟಂಟಂ, ಕ್ರೂಸರ್ ಬಂದು ನಿಲ್ಲುತ್ತವೆ. ಬುತ್ತಿ ಕಟ್ಟಿಕೊಂಡ ಹೆಂಗಸರ ಜೊತೆಗೆ ಹನ್ನೆರಡು, ಹದಿಮೂರರ ಹುಡುಗಿಯರೂ ಹತ್ತುತ್ತಾರೆ. ಹತ್ತಿ ಒಂದು ಹಂತಕ್ಕೆ ಬರುವಷ್ಟರಲ್ಲಿ ಮೆಣಸಿನಕಾಯಿ ಹಣ್ಣಾಗಿರುತ್ತದೆ. ಅದನ್ನು ಬಿಡಿಸಿ ಮುಗಿಸುವ ಹೊತ್ತಿಗೆ ಮಾರ್ಚ್, ಅಂದರೆ ಪರೀಕ್ಷೆ. ಶಾಲೆಯ ಎರಡನೇ ಅವಧಿಯೂ ಹೊಲದ ಸುಗ್ಗಿಯೂ ಒಂದರ ಮೇಲೊಂದು ಕೂತುಬಿಟ್ಟಿವೆ. ಶಾಲೆಯ ವೇಳಾಪಟ್ಟಿ ಬೆಂಗಳೂರಿನಲ್ಲಿ ತಯಾರಾಗುತ್ತದೆ, ಹತ್ತಿಯ ವೇಳಾಪಟ್ಟಿ ಮಳೆ ನೋಡಿಕೊಂಡು.

ಶಿಕ್ಷಣದಿಂದ ಬಡತನ ಹೋಗುತ್ತದೆ ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಎಷ್ಟು ಓದಿದರೆ ಹೋಗುತ್ತದೆ, ಯಾವ ತರಗತಿ ದಾಟಿದ ಮೇಲೆ ಹೋಗುತ್ತದೆ ಎಂದು ಕೇಳಿದಾಗ ಮಾತ್ರ ಉತ್ತರ ಸಲೀಸಾಗಿ ಬರುವುದಿಲ್ಲ. ಕಲ್ಯಾಣ ಕರ್ನಾಟಕದ ಗುಳೆ ಹೋಗುವ ಊರುಗಳ ಮಟ್ಟಿಗೆ ಹೇಳುವುದಾದರೆ, ಮಗು ಶಾಲೆಗೆ ಸೇರಿದ ಮಾತ್ರಕ್ಕೆ ಮನೆಯ ಬಡತನ ಕಡಿಮೆಯಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ಮೇಲೆ ಕಡಿಮೆಯಾಗಲು ಶುರುವಾಗುತ್ತದೆ. ಒಂದನೇ ತರಗತಿಗೂ ಆ ಅಂಕಪಟ್ಟಿಗೂ ನಡುವೆ ಹಗ್ಗ ನಾಲ್ಕೈದು ಕಡೆ ಕಡಿಯುತ್ತದೆ. ಎಲ್ಲೆಲ್ಲಿ ಕಡಿಯುತ್ತದೆ ಎಂಬುದು ಊರಿನ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಗಂಟು ಹಾಕಲು ಬೇಕಾದದ್ದು ದೊಡ್ಡ ದುಡ್ಡಲ್ಲ, ಹೊತ್ತಿಗೆ ಸರಿಯಾಗಿ ಆಗುವ ಕೆಲಸ.

2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದವು’. ಆ 39ರಲ್ಲಿ 21 ಆಗಿನ ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57 ಇದ್ದಾಗ ಯಾದಗಿರಿಯದು ಶೇ 51.83. ಪಠ್ಯಪುಸ್ತಕ ಒಂದೇ, ಮೇಷ್ಟ್ರ ಸಂಬಳದ ಶ್ರೇಣಿಯೂ ಒಂದೇ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12, ಕಲಬುರಗಿಯದು ಶೇ 42.43. ಅಳೆಯುವ ಕೋಲು ಬದಲಾಗಿದೆ, ಅಂತರ ಹಾಗೇ ಇದೆ.

ಒಂದು ಮನೆಯ ಲೆಕ್ಕ

ಹತ್ತಿ ಬಿಡಿಸುವ ಕೂಲಿ ಕೆಜಿ ಲೆಕ್ಕದ್ದು. ಕೆಜಿಗೆ 10 ರೂಪಾಯಿ, ಎಳೆಯ ಕೈ ದಿನಕ್ಕೆ 25 ಕೆಜಿ ಬಿಡಿಸುತ್ತದೆ ಎಂದು ಇಟ್ಟುಕೊಳ್ಳೋಣ. ದಿನಕ್ಕೆ 250 ರೂಪಾಯಿ, ಹಂಗಾಮಿನಲ್ಲಿ 50 ದಿನ ಹೋದರೆ 12,500. ಸರ್ಕಾರಿ ಶಾಲೆಯಲ್ಲಿ ಫೀ ಇಲ್ಲ, ಪುಸ್ತಕ, ಸಮವಸ್ತ್ರ, ಬಿಸಿಯೂಟ ಎಲ್ಲ ಪುಕ್ಕಟೆ. ಆದರೂ ಬಡವರಿಗೆ ಶಾಲೆ ಪುಕ್ಕಟೆಯಲ್ಲ. ಮಗಳನ್ನು ಶಾಲೆಗೆ ಕಳಿಸಿದ ಮನೆ ವರ್ಷಕ್ಕೆ ಈ 12,500 ರೂಪಾಯಿ ಬಿಟ್ಟುಕೊಟ್ಟಿರುತ್ತದೆ. ರೈತರ ಮಕ್ಕಳಿಗೆಂದು ಇರುವ ರಾಜ್ಯದ ರೈತ ವಿದ್ಯಾನಿಧಿಯಲ್ಲಿ 8ರಿಂದ 10ನೇ ತರಗತಿಯ ಹೆಣ್ಣುಮಕ್ಕಳಿಗೆ ಸಿಗುವುದು ವರ್ಷಕ್ಕೆ 2,000. ಅದು ಎಂಟು ದಿನದ ಹತ್ತಿ.

ಇತ್ತ ಲಾಭದ ಕಡೆ ನೋಡಿದರೆ, ಒಂಬತ್ತನೇ ತರಗತಿವರೆಗೆ ಓದಿದವಳಿಗೂ ಶಾಲೆಯ ಮುಖವನ್ನೇ ನೋಡದವಳಿಗೂ ಹತ್ತಿ ಹೊಲದಲ್ಲಿ ಕೆಜಿಗೆ ಒಂದೇ ದರ. ಹಾಗಾಗಿ ‘ಓದಿ ಏನು ಮಾಡ್ತಾಳ’ ಎನ್ನುವ ಅಪ್ಪನನ್ನು ಅಜ್ಞಾನಿ ಎಂದು ಬೈದು ಪ್ರಯೋಜನವಿಲ್ಲ. ಅವನ ಲೆಕ್ಕ ಒಂಬತ್ತನೇ ತರಗತಿವರೆಗೆ ಸರಿಯಾಗಿಯೇ ಇದೆ. ತಪ್ಪುವುದು ಅಲ್ಲಿಂದ ಮುಂದೆ ಒಂದು ವರ್ಷದಲ್ಲಿ.

ಇಂಡೊನೇಷ್ಯಾ ಸರ್ಕಾರ 1973-74ರಿಂದ 1978-79ರವರೆಗೆ ಹಳ್ಳಿಹಳ್ಳಿಯಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿತು. ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಆ ಶಾಲೆಗಳಲ್ಲಿ ಓದಿದವರು ದೊಡ್ಡವರಾದ ಮೇಲೆ ಎಷ್ಟು ದುಡಿದರು ಎಂದು ಲೆಕ್ಕ ತೆಗೆದರು: ಹೆಚ್ಚುವರಿ ಒಂದೊಂದು ವರ್ಷದ ಓದಿಗೆ ಕೂಲಿ, ಸಂಬಳದಲ್ಲಿ ಶೇ 6.8ರಿಂದ 10.6ರಷ್ಟು ಏರಿಕೆ. ಇದು ಸರಾಸರಿ. ನಮ್ಮಲ್ಲಿ ಆ ಏರಿಕೆ ವರ್ಷವರ್ಷವೂ ಮೆಟ್ಟಿಲಿನಂತೆ ಬರುವುದಿಲ್ಲ, ಹೊಸ್ತಿಲಿನಂತೆ ಒಮ್ಮೆಲೇ ಬರುತ್ತದೆ, ಆ ಹೊಸ್ತಿಲು ಹತ್ತನೇ ತರಗತಿ.

ಏಕೆಂದರೆ ಗ್ರಾಮೀಣ ಅಂಚೆ ಸೇವಕರ ಆಯ್ಕೆಗೆ ಪರೀಕ್ಷೆಯೇ ಇಲ್ಲ, ಹತ್ತನೇ ತರಗತಿಯ ಅಂಕವೇ ಆಧಾರ. ಅಂಗನವಾಡಿ ಸಹಾಯಕಿಗೂ ಈಗ ಹತ್ತನೇ ತರಗತಿ ಬೇಕು. ಐಟಿಐನಲ್ಲಿ ವೆಲ್ಡರ್, ಪ್ಲಂಬರ್, ವೈರ್‌ಮನ್ ಟ್ರೇಡುಗಳಿಗೆ ಎಂಟನೇ ತರಗತಿ ಪಾಸಾದರೆ ಸಾಕು ಎಂಬುದು ಬಹಳ ಮನೆಗಳಿಗೆ ತಿಳಿದಿಲ್ಲ, ಆದರೆ ಬೇಡಿಕೆ ಇರುವ ಎಲೆಕ್ಟ್ರಿಷಿಯನ್, ಫಿಟ್ಟರ್‌ಗೆ ಎಸ್ಸೆಸ್ಸೆಲ್ಸಿ ಕಡ್ಡಾಯ. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು, ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ. ಈ ಏಣಿಯ ಮೊದಲ ಕಾಲು ನೆಲಕ್ಕೆ ತಾಗುವುದೇ ಎಸ್ಸೆಸ್ಸೆಲ್ಸಿಯಲ್ಲಿ.

ಕಲ್ಯಾಣ ಕರ್ನಾಟಕಕ್ಕೆ ಇನ್ನೊಂದು ಅನುಕೂಲ ಇದೆ. 2013ರಿಂದ ಜಾರಿಯಲ್ಲಿರುವ ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದ ವೃತ್ತಿಶಿಕ್ಷಣ ಸೀಟುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸ್ಥಳೀಯರಿಗೆ ಮೀಸಲು. ಸ್ಥಳೀಯ ವೃಂದದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80. ಇದಲ್ಲದೆ ಸರ್ಕಾರಿ ನೇಮಕಾತಿಯಲ್ಲಿ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 25ರಷ್ಟು ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಇಲ್ಲಿ ಎಡವುವವರು ಇಬ್ಬರು. ಒಬ್ಬರು ಮಗುವನ್ನು ಪಟ್ಟಣದ ಕಾನ್ವೆಂಟಿಗೆ ವ್ಯಾನ್ ಹತ್ತಿಸಿ ಎರಡೂ ಮೀಸಲಾತಿ ಕಳೆದುಕೊಳ್ಳುವವರು. ಮತ್ತೊಬ್ಬರು ಗುಳೆ ಹೋದಾಗ ಮಗುವನ್ನು ಬೆಂಗಳೂರಿನ ಶಾಲೆಗೆ ಎರಡು ವರ್ಷ ಸೇರಿಸಿದವರು. ಅವರು ಮಾಡಿದ್ದು ಒಳ್ಳೆಯದೇ, ಆದರೆ ಹತ್ತು ವರ್ಷದ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಅಲ್ಲಿಗೆ ತುಂಡಾಗುತ್ತದೆ. ಕೂಲಿಗೆ ಹೋದ ಕುಟುಂಬವನ್ನು ನಗರವಾಸಿ ಎಂದು ಎಣಿಸುವ ಈ ನಿಯಮ ನ್ಯಾಯದ್ದಲ್ಲ ಎಂದೇ ಹೇಳಬೇಕು.

ಪದವಿ ಮಾಡಿದರೂ ಕೆಲಸ ಇಲ್ಲವಲ್ಲ ಎಂಬ ವಾದ ಸುಳ್ಳಲ್ಲ. 2023-24ರ ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ಅನಕ್ಷರಸ್ಥರಲ್ಲಿ ನಿರುದ್ಯೋಗ ಶೇ 0.2, ಪ್ರೌಢಶಾಲೆ ಮತ್ತು ಅದಕ್ಕೂ ಹೆಚ್ಚು ಓದಿದವರಲ್ಲಿ ಶೇ 6.5. ಇದನ್ನು ‘ಓದಿದರೆ ಕೆಲಸ ಸಿಗುವುದಿಲ್ಲ’ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಅನಕ್ಷರಸ್ಥ ಬಡವನಿಗೆ ಒಂದು ದಿನ ಸುಮ್ಮನೆ ಕೂರುವ ಶಕ್ತಿ ಇಲ್ಲ. ಸಿಕ್ಕ ಕೂಲಿಗೆ ಹೋಗುತ್ತಾನೆ, ಸಮೀಕ್ಷೆಯಲ್ಲಿ ‘ಉದ್ಯೋಗಿ’ ಆಗುತ್ತಾನೆ. ಓದಿದವನು ಕಾಯುತ್ತಾನೆ. ಆದರೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ನಾಲ್ಕು ವರ್ಷ ‘ಕಾಂಪಿಟೇಟಿವ್’ ಓದುತ್ತಾ ಕೂರುವುದು ಕೂಡ ಬಡ ಮನೆಗೆ ಖರ್ಚೇ. ಹತ್ತನೇ ತರಗತಿ ಆದ ಕೂಡಲೇ ಐಟಿಐ, ಡಿಪ್ಲೊಮಾ, ಪಿಯು ಈ ಮೂರರಲ್ಲಿ ಯಾವುದು ಎಂದು ಮನೆಯಲ್ಲಿ ಕೂತು ಮಾತಾಡುವವರು ಕಡಿಮೆ. ಗೆಳೆಯ ಯಾವ ಕಾಲೇಜಿಗೆ ಅರ್ಜಿ ತಂದನೋ ಅದೇ ಕಾಲೇಜು.

ಕೂಲಿಯಲ್ಲಿ ಕಾಣದ ಲಾಭವೂ ಒಂದಿದೆ. ಸಂಘದ ಸಾಲ 50,000, ‘ವರ್ಷಕ್ಕೆ 12 ಪರ್ಸೆಂಟ್’ ಬಡ್ಡಿ, ಹನ್ನೆರಡು ಕಂತು. ಬಡ್ಡಿ 6,000, ತಿಂಗಳಿಗೆ ಸುಮಾರು 4,667. ಕೇಳಲು ಬ್ಯಾಂಕಿನ ದರವೇ. ಆದರೆ ಅಸಲು ತಿಂಗಳು ತಿಂಗಳು ತೀರುತ್ತಾ ಹೋಗುತ್ತದೆ. ಹತ್ತನೇ ತಿಂಗಳಲ್ಲಿ ಕೈಯಲ್ಲಿ ಉಳಿದ ಸಾಲ 15,000ಕ್ಕೂ ಕಡಿಮೆ, ಬಡ್ಡಿ ಮಾತ್ರ ಇಡೀ 50,000ದ ಮೇಲೆ. ಇಳಿಯುವ ಬಾಕಿಯ ಲೆಕ್ಕದಲ್ಲಿ ಹಾಕಿದರೆ ಅದು ಶೇ 21ಕ್ಕೂ ಮೇಲಾಗುತ್ತದೆ. ಸರಳ ಬಡ್ಡಿ ಏಳನೇ ತರಗತಿಯ ಗಣಿತದಲ್ಲೇ ಬರುತ್ತದೆ. ಕಿರುಸಾಲದ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಹಿ ಹಾಕುವ ಮೊದಲು ಕಾಗದ ಓದಿ ಈ ಲೆಕ್ಕ ಹಾಕಬಲ್ಲ ಒಬ್ಬ ಮಗಳು ಮನೆಯಲ್ಲಿದ್ದರೆ ಕೆಲವು ಸಹಿಗಳು ಬೀಳುವುದೇ ಇಲ್ಲ.

ಒತ್ತಕ್ಷರದಲ್ಲಿ ಕಡಿಯುವುದು

ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟವರು ನಿಜವಾಗಿ ಬಿಟ್ಟದ್ದು ನಾಲ್ಕನೇ ತರಗತಿಯಲ್ಲಿ. ಅಲ್ಲಿಂದಾಚೆ ಹಾಜರಿ ಇತ್ತು, ಓದು ಇರಲಿಲ್ಲ.

ಕನ್ನಡದ ಓದಿಗೆ ಅಕ್ಷರ, ಕಾಗುಣಿತ, ಒತ್ತಕ್ಷರ ಎಂಬ ಮೂರು ಹಂತ. ಮೊದಲ ಎರಡನ್ನು ಮಗು ಹೇಗೋ ದಾಟುತ್ತದೆ. ಅಮ್ಮ, ಅಕ್ಕ, ಹಳ್ಳಿ ಎಂಬ ಸಜಾತಿ ಒತ್ತುಗಳೂ ಬರುತ್ತವೆ, ಏಕೆಂದರೆ ಅವು ಬಾಯಲ್ಲಿ ಇರುವ ಮಾತು. ಸಿಕ್ಕಿಬೀಳುವುದು ವಿಜಾತಿ ಒತ್ತಿನಲ್ಲಿ. ‘ಸ್ವಾತಂತ್ರ್ಯ’ದ ಕೊನೆಯಲ್ಲಿ ತಕ್ಕೆ ರ ಒತ್ತು, ಅದರ ಬೆನ್ನಿಗೆ ಯ ಒತ್ತು. ‘ಸೂರ್ಯ’ದಲ್ಲಿ ಅರ್ಕಾವತ್ತು ಬರೆಯುವುದು ಯ ಆದ ಮೇಲೆ, ಓದುವುದು ಯಕ್ಕಿಂತ ಮೊದಲು. ಇದು ಗಟ್ಟಿಯಾಗದ ಮಗುವಿನ ಕೈಗೆ ಏಳನೇ ತರಗತಿಯ ವಿಜ್ಞಾನ ಪುಸ್ತಕ ಬಂದಾಗ ಪುಟದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದಿರುತ್ತದೆ. ಎಲೆ ಬಿಸಿಲಲ್ಲಿ ಆಹಾರ ಮಾಡಿಕೊಳ್ಳುತ್ತದೆ ಎಂಬುದು ಹೊಲದಲ್ಲಿ ಬೆಳೆದ ಮಗುವಿಗೆ ಕಷ್ಟದ ಸಂಗತಿಯಲ್ಲ. ಆ ಪದವನ್ನು ಬಿಡಿಸಿ ಓದುವುದೇ ಕಷ್ಟ. ಹತ್ತಿ ಬಿಡಿಸುವುದು ಸುಲಭ.

ಮನೆಮಾತಿನ ತೊಡಕು ಬೇರೆ. ಮನೆಯಲ್ಲಿ ‘ಶಾಲಿಗೆ ಹೊಂಟಾನ’, ಪುಸ್ತಕದಲ್ಲಿ ‘ಶಾಲೆಗೆ ಹೋಗುತ್ತಿದ್ದಾನೆ’. ತಾಂಡಾದ ಮಗುವಿಗೆ ಎರಡೂ ಹೊಸದು, ಅದರ ಮಾತು ಲಂಬಾಣಿ. ಗಡಿಯ ಊರುಗಳಲ್ಲಿ ತೆಲುಗು. ಒಂದರಿಂದ ಮೂರರವರೆಗೆ ನಲಿಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು, ಕಾರ್ಡು ಹಿಡಿದು ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಆದರೆ ನಾಲ್ಕನೇ ತರಗತಿಗೆ ಬಂದ ಕೂಡಲೇ ಕಾರ್ಡು ಹೋಗಿ ದಪ್ಪ ಪುಸ್ತಕ ಬರುತ್ತದೆ. ಮೆಟ್ಟಿಲು ಪೂರ್ತಿ ಹತ್ತದೆ ಬಂದ ಮಗುವಿಗೆ ಅಲ್ಲಿ ಕೈಹಿಡಿಯುವ ಏರ್ಪಾಡಿಲ್ಲ. ಮಕ್ಕಳ ಕಲಿಕೆ ಅಳೆಯುವ 2024ರ ಅಸರ್ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಭಾಗದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 48.8. ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಷ್ಟನ್ನೂ ಓದಲು ಬಾರದೆಯೇ ಪ್ರೌಢಶಾಲೆಯ ಕಡೆಗೆ ನಡೆದಿದ್ದಾರೆ.

ಇದಕ್ಕೆ ಮದ್ದು ಇದೆ, ದುಬಾರಿಯೂ ಅಲ್ಲ. ‘ಪ್ರಥಮ್’ ಸಂಸ್ಥೆ ರೂಪಿಸಿ, ‘ಓದು ಕರ್ನಾಟಕ’ದ ಹೆಸರಲ್ಲಿ ನಮ್ಮಲ್ಲೂ ನಡೆದ ವಿಧಾನ ಅದು. ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿಕೊಂಡು ಐದು ನಿಮಿಷ ಓದಿಸಬೇಕು: ಅಕ್ಷರ, ಪದ, ನಾಲ್ಕು ಸಾಲು, ಒಂದು ಸಣ್ಣ ಕತೆ. ಮಗು ಎಲ್ಲಿ ನಿಲ್ಲುತ್ತದೋ ಅದೇ ಅದರ ಗುಂಪು. ದಿನಕ್ಕೆ ಒಂದು ಗಂಟೆ ತರಗತಿ ಮರೆತು ಆ ಗುಂಪಿನಂತೆ ಕೂರಿಸಿ ಕಲಿಸಬೇಕು. ಐದನೆಯವನು ಮೂರನೆಯವಳ ಪಕ್ಕ ಕೂತರೂ ಪರವಾಗಿಲ್ಲ. ಕೆಲವು ವಾರಕ್ಕೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಬೇಕು. ಕೆಡುವುದು ಈ ಕೊನೆಯ ಹಂತದಲ್ಲೇ. ಜೂನ್‌ನಲ್ಲಿ ಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತಾರೆ, ಫೆಬ್ರುವರಿಯಲ್ಲೂ ಅದೇ ಪಟ್ಟಿ. ಏಕೋಪಾಧ್ಯಾಯ ಶಾಲೆಯಲ್ಲಿ ಇದನ್ನು ನಿರೀಕ್ಷಿಸುವುದೂ ತಪ್ಪು: ಆ ಒಬ್ಬರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಗಣತಿಗೆ ಹೋಗಬೇಕು, ಆನ್‌ಲೈನ್‌ನಲ್ಲಿ ಮಾಹಿತಿ ತುಂಬಬೇಕು.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದೇ ಉತ್ತರದ 7 ಜಿಲ್ಲೆಗಳಲ್ಲಿ. ಒಂದರಿಂದ ಐದರ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, ಆರರಿಂದ ಮೇಲೆ 150 ಮತ್ತು 30. ಮೇಲೆ ಹಾಲು; 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ಮಧ್ಯಾಹ್ನದವರೆಗೆ ಮಗು ಶಾಲೆಯಲ್ಲಿ ಉಳಿಯುವುದಕ್ಕೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಯೋಜನೆ ಇನ್ನೊಂದಿಲ್ಲ.

ಏಳರಿಂದ ಎಂಟಕ್ಕೆ

ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ತರಗತಿವರೆಗೆ. ಕರ್ನಾಟಕದ ಬಹುತೇಕ ಹಿರಿಯ ಪ್ರಾಥಮಿಕ ಶಾಲೆಗಳು ಮುಗಿಯುವುದು ಏಳಕ್ಕೆ. ಪ್ರೌಢಶಾಲೆ ಶುರುವಾಗುವುದು ಎಂಟಕ್ಕೆ, ಅದೂ ಬೇರೆ ಊರಲ್ಲಿ. ಕಾನೂನು ಒಂದು ಕಡೆ ಗೆರೆ ಎಳೆದರೆ ಕಟ್ಟಡ ಇನ್ನೊಂದು ಕಡೆ ಎಳೆದಿದೆ. ಮಗುವಿಗೆ ಹದಿಮೂರು ತುಂಬುವುದು, ಹುಡುಗಿ ಮೈನೆರೆಯುವುದು, ಹತ್ತಿ ಬಿಡಿಸುವ ಶಕ್ತಿ ಬರುವುದು, ಶಾಲೆ ನಾಲ್ಕೈದು ಕಿಲೋಮೀಟರ್ ದೂರ ಹೋಗುವುದು, ಇವೆಲ್ಲ ಒಂದೇ ಬೇಸಿಗೆಯಲ್ಲಿ ಆಗುತ್ತವೆ. ಟಿ.ಸಿ. ತೆಗೆದುಕೊಂಡು ಹೋದ ಮಗು ಇನ್ನೊಂದು ಶಾಲೆಗೆ ಸೇರಿತೋ ಇಲ್ಲವೋ ಎಂದು ನೋಡಬೇಕಾದವರು ಯಾರು? ಹಳೆಯ ಶಾಲೆಯ ಪಾಲಿಗೆ ಅದು ಹೋದ ಮಗು, ಹೊಸ ಶಾಲೆಯ ಪಾಲಿಗೆ ಬರದ ಮಗು. ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲೆ ಸಂಖ್ಯೆಯಿಂದ ಹುಡುಕಬಹುದು, ಜೂನ್ ಎರಡನೇ ವಾರದಲ್ಲೇ ಯಾರಾದರೂ ಹುಡುಕಿದರೆ.

ದೂರ ಎಂಬುದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಬಿಹಾರದಲ್ಲಿ ಒಳ್ಳೆಯ ಪುರಾವೆ ಇದೆ. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಲೆಕ್ಕ ಹಾಕಿ ನೋಡಿದಾಗ ಪ್ರೌಢಶಾಲೆಗೆ ಸರಿಯಾದ ವಯಸ್ಸಿನಲ್ಲಿ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಹೆಚ್ಚು ಪರಿಣಾಮ ಕಂಡದ್ದು ಶಾಲೆ ಮೂರು ಕಿಲೋಮೀಟರ್ ಅಥವಾ ಅದಕ್ಕೂ ದೂರ ಇದ್ದ ಊರುಗಳಲ್ಲಿ. ಕರ್ನಾಟಕವೂ 2006-07ರಿಂದ ಎಂಟನೇ ತರಗತಿಯವರಿಗೆ ಸೈಕಲ್ ಕೊಡುತ್ತಿತ್ತು. ಕೋವಿಡ್ ಹೊತ್ತಿಗೆ ಅದು ನಿಂತಿತು.

ಈಗ ಬಸ್ಸು ಪುಕ್ಕಟೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್‌ಪಾಸ್ ದುಡ್ಡಿನ ಪ್ರಶ್ನೆ ಇಲ್ಲ. ಉಳಿದಿರುವುದು ಹೊತ್ತಿನ ಪ್ರಶ್ನೆ. ಸಂಜೆ ಶಾಲೆ ಬಿಟ್ಟ ಮೇಲೆ ಊರಿನ ಕಡೆಯ ಬಸ್ಸು ಏಳಕ್ಕೆ ಎಂದಾದರೆ ಹುಡುಗಿ ಎರಡು ಗಂಟೆ ಸ್ಟ್ಯಾಂಡಿನಲ್ಲಿ ಕಾಯಬೇಕು. ಒಂದು ದಿನ ಯಾರೋ ಒಂದು ಮಾತು ಆಡುತ್ತಾರೆ, ಮರುದಿನದಿಂದ ಶಾಲೆ ಬಂದ್. ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 20ರಿಂದ 24ರ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಹಿಂದಿನ ಸಮೀಕ್ಷೆಗಿಂತ ಹೆಚ್ಚೇನೂ ಇಳಿದಿರಲಿಲ್ಲ. ಶಾಲೆ ನಿಂತ ಹುಡುಗಿಗೆ ಮನೆಯವರು ಮೊದಲು ಹುಡುಕುವುದು ವರನನ್ನೇ. ಡಿಪೊ ಮ್ಯಾನೇಜರರಿಗೆ ಗ್ರಾಮ ಪಂಚಾಯಿತಿ ಠರಾವು ಮಾಡಿ, ಶಾಲೆಯ ಹೆಸರು, ಮಕ್ಕಳ ಸಂಖ್ಯೆ, ಬೇಕಾದ ಹೊತ್ತು ಮೂರನ್ನೂ ಬರೆದು ಕೊಟ್ಟ ಅರ್ಜಿಗೆ, ‘ಬಸ್ ಬಿಡಿ’ ಎಂಬ ಒಂದು ಸಾಲಿನ ಮನವಿಗಿಂತ ಹೆಚ್ಚು ತೂಕ. ಮಕ್ಕಳ ಗ್ರಾಮಸಭೆ ಇರುವುದು ಇಂಥದ್ದಕ್ಕೇ, ಭಾಷಣಕ್ಕಲ್ಲ.

ಮತ್ತೆ ಹತ್ತಿಯ ವಿಷಯಕ್ಕೆ ಬರೋಣ. 12,500 ರೂಪಾಯಿಯ ನಷ್ಟವನ್ನು ಸರಿಸುಮಾರು ತುಂಬಿಕೊಡುವ ಕೇಂದ್ರದ ಒಂದು ವಿದ್ಯಾರ್ಥಿವೇತನ ಇದೆ: ಎನ್‌ಎಂಎಂಎಸ್. ವರ್ಷಕ್ಕೆ 12,000, ಒಂಬತ್ತರಿಂದ ದ್ವಿತೀಯ ಪಿಯುವರೆಗೆ ನಾಲ್ಕು ವರ್ಷ. ಎಂಟನೇ ತರಗತಿಯಲ್ಲಿ ಪರೀಕ್ಷೆ: ಬೌದ್ಧಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ಪಠ್ಯ ವಿಷಯಗಳಿಗೆ 90. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು, ಏಳನೇ ತರಗತಿಯಲ್ಲಿ ಶೇ 55 (ಪರಿಶಿಷ್ಟರಿಗೆ 50), ಮನೆಯ ಆದಾಯ ಮೂರೂವರೆ ಲಕ್ಷದೊಳಗೆ. ಊಟ, ವಸತಿ ಇರುವ ಸರ್ಕಾರಿ ವಸತಿ ಶಾಲೆಯವರಿಗೆ ಇಲ್ಲ. ಕರ್ನಾಟಕದ ಪಾಲು ವರ್ಷಕ್ಕೆ 5,534. ಗಣಿತ, ವಿಜ್ಞಾನದ ಪ್ರಶ್ನೆಗಿಂತ ಹಳ್ಳಿ ಮಕ್ಕಳು ಸೋಲುವುದು ಬೌದ್ಧಿಕ ಪರೀಕ್ಷೆಯಲ್ಲಿ. ಸಂಖ್ಯಾಸರಣಿ, ಕನ್ನಡಿ ಬಿಂಬ, ಸಂಕೇತ ಭಾಷೆ ಶಾಲೆಯ ಪಾಠದಲ್ಲಿ ಬರುವುದಿಲ್ಲ. ಜುಲೈನಿಂದ ವಾರಕ್ಕೆ ಎರಡು ಗಂಟೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ ಈ ಭಯ ಹೋಗುತ್ತದೆ. ಕೆಲವು ಶಾಲೆಗಳಿಂದ ವರ್ಷವರ್ಷವೂ ಐದಾರು ಮಕ್ಕಳು ಆಯ್ಕೆಯಾಗುತ್ತಾರೆ, ಪಕ್ಕದ ಊರಿನಿಂದ ಅರ್ಜಿಯೇ ಹೋಗಿರುವುದಿಲ್ಲ. ವ್ಯತ್ಯಾಸ ಮಕ್ಕಳದ್ದಲ್ಲ.

ಅಪ್ಪ-ಅಮ್ಮ ಇಬ್ಬರೂ ಗುಳೆ ಹೋಗುವ ಮನೆಗೆ ದುಡ್ಡಿನಿಂದಷ್ಟೇ ಆಗುವುದಿಲ್ಲ, ಮಗುವಿಗೆ ರಾತ್ರಿ ಮಲಗಲು ಜಾಗ ಬೇಕು. ಅದಕ್ಕೆ ಋತುಮಾನ ವಸತಿ ಕೇಂದ್ರಗಳಿವೆ: ಮಗು ಊರಿನಲ್ಲೇ ಉಳಿದು ಅದೇ ಶಾಲೆಗೆ ಹೋಗುತ್ತದೆ, ಊಟ, ಮಲಗುವುದು ಕೇಂದ್ರದಲ್ಲಿ. ಒಳ್ಳೆಯ ಯೋಚನೆ. ಆದರೆ ಮುಂಗಡ ಪಡೆದ ಕುಟುಂಬ ಮೇಸ್ತ್ರಿ ಹೇಳಿದ ದಿನ ಲಾರಿ ಹತ್ತಲೇಬೇಕು. ಕೇಂದ್ರದ ಮಂಜೂರಾತಿ ಅದಕ್ಕೆ ಹದಿನೈದು ದಿನ ಮೊದಲು ಬಂದಿದ್ದರೆ ಮಗು ಊರಲ್ಲಿ ಉಳಿಯುತ್ತದೆ. ಹದಿನೈದು ದಿನ ತಡವಾದರೆ ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿರುತ್ತದೆ.

ಹಣಮಂತ, ಹನುಮಂತ, ಹಣಮಂತಪ್ಪ

ವಿದ್ಯಾರ್ಥಿವೇತನ ಮಂಜೂರಾಗಿಯೂ ಕೈಗೆ ಬಾರದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಭ್ರಷ್ಟಾಚಾರವಲ್ಲ, ಕಾಗುಣಿತ. ಒಂದನೇ ತರಗತಿಗೆ ಸೇರಿಸಿದ ದಿನ ಅಜ್ಜ ಹೇಳಿದ ಹೆಸರು ದಾಖಲಾತಿ ಪುಸ್ತಕದಲ್ಲಿ ಹಣಮಂತ. ಆಧಾರ್ ಶಿಬಿರದಲ್ಲಿ ಟೈಪ್ ಮಾಡಿದವನಿಗೆ ಅದು ಹನುಮಂತ. ಬ್ಯಾಂಕಿನವರು ಅಪ್ಪನ ಹೆಸರು ಸೇರಿಸಿ ಹಣಮಂತಪ್ಪ ಮಾಡಿದರು. ಮೂರೂ ಒಬ್ಬನೇ ಹುಡುಗ ಎಂದು ಊರಿಗೆಲ್ಲ ಗೊತ್ತು, ಎಸ್‌ಎಸ್‌ಪಿ ಎಂಬ ವಿದ್ಯಾರ್ಥಿವೇತನದ ಪೋರ್ಟಲಿಗೆ ಗೊತ್ತಿಲ್ಲ.

ಸರಿಪಡಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಶಾಲಾ ದಾಖಲೆಯ ಹೆಸರು, ಹುಟ್ಟಿದ ದಿನಾಂಕ ಸರಿಯೇ ಎಂದು ನೋಡಿ ಗಟ್ಟಿ ಮಾಡಿಕೊಳ್ಳಬೇಕು, ಏಕೆಂದರೆ ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ, ಬದುಕಿಡೀ ಉಳಿಯುತ್ತದೆ. ಎಂಟು, ಒಂಬತ್ತರಲ್ಲಿ ಇದ್ದಾಗ ಮುಖ್ಯ ಶಿಕ್ಷಕರ ಮೂಲಕ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮೂಲಕ ಮಾಡಿಸುವುದು ಸುಲಭ. ಅಂಕಪಟ್ಟಿ ಅಚ್ಚಾದ ಮೇಲೆ ವರ್ಷಗಟ್ಟಲೆ ಅಲೆದಾಟ. ಆಮೇಲೆ ಆಧಾರನ್ನು ಅದಕ್ಕೆ ಹೊಂದಿಸಬೇಕು. ಉಲ್ಟಾ ಮಾಡಿ ಅವಸರಕ್ಕೆ ಆಧಾರ್ ತಿದ್ದಿಸುತ್ತಾ ಹೋದರೆ ಅವಕಾಶ ಮುಗಿದುಹೋಗುತ್ತದೆ: ಹೆಸರು ತಿದ್ದಲು ಎರಡೇ ಸಲ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಮಗುವಿಗೆ 15 ತುಂಬಿದಾಗ ಬೆರಳಚ್ಚು ಮತ್ತೆ ಕೊಡಬೇಕು, ಇದೂ ಹತ್ತನೇ ತರಗತಿಯ ವರ್ಷದಲ್ಲೇ ಬರುತ್ತದೆ.

ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯನ್ನು ನೋಟ್‌ಬುಕ್ಕಿನ ಹಿಂದೆ ಬರೆದಿಡುವುದು ಒಳ್ಳೆಯದು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು. ಆರನೇ ತರಗತಿಗೆ ಮೊರಾರ್ಜಿ ವಸತಿ ಶಾಲೆ ಅರ್ಜಿಗೆಂದು ಮಾಡಿಸಿದ್ದು ಪಿಯು ಸೇರುವ ಹೊತ್ತಿಗೆ ಸತ್ತಿರುತ್ತದೆ, ಹಾಸ್ಟೆಲ್ ಅರ್ಜಿ ಹಾಕುವ ದಿನ ಗೊತ್ತಾಗುತ್ತದೆ. ಇನ್ನು ಬ್ಯಾಂಕು. ನೇರ ವರ್ಗಾವಣೆಯ ಹಣ ಹೋಗುವುದು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಬೇರೊಂದು ಯೋಜನೆಗೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರೆ ಹಣ ಅಲ್ಲಿ ಕೂತಿರುತ್ತದೆ, ಅಪ್ಪ ಇಲ್ಲಿ ಸಮಾಜ ಕಲ್ಯಾಣ ಇಲಾಖೆಗೆ ಅಲೆಯುತ್ತಿರುತ್ತಾನೆ. ಎರಡು ವರ್ಷ ವಹಿವಾಟು ಇಲ್ಲದ ಖಾತೆ ನಿಷ್ಕ್ರಿಯ. ವರ್ಷಕ್ಕೊಮ್ಮೆ ನೂರು ರೂಪಾಯಿ ಕಟ್ಟಿ ತೆಗೆದರೂ ಸಾಕು.

ಇದನ್ನೆಲ್ಲ ಅನಕ್ಷರಸ್ಥ ತಂದೆತಾಯಿ ಮಾಡಿಕೊಳ್ಳಲಿ ಎನ್ನುವುದು ಕ್ರೌರ್ಯ. ಎಂಟನೇ ತರಗತಿಯ ಆಗಸ್ಟ್‌ನಲ್ಲಿ ಶಾಲೆಯಲ್ಲೇ ಒಂದು ದಿನ ಕೂತು, ಪಂಚಾಯಿತಿ ಗ್ರಂಥಾಲಯದ ಕಂಪ್ಯೂಟರ್ ತಂದು, ಮಗುವಿಗೊಂದು ಸಾಲಿನಂತೆ ನಾಲ್ಕು ದಾಖಲೆಯನ್ನು ತಾಳೆ ನೋಡಿದರೆ ಮುಂದಿನ ಐದು ವರ್ಷದ ಅಲೆದಾಟ ತಪ್ಪುತ್ತದೆ. ಶಾಲಾಭಿವೃದ್ಧಿ ಸಮಿತಿಗೆ ಧ್ವಜಾರೋಹಣದ ಸಿಹಿ ಹಂಚುವುದಕ್ಕಿಂತ ಇದು ತಕ್ಕ ಕೆಲಸ.

ಫಲಿತಾಂಶದ ಮೊದಲ ವಾರ

2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಕೃಪಾಂಕ ಕೊಟ್ಟ ಮೇಲೂ ಶೇ 73.40. 2025ರಲ್ಲಿ ಕೃಪಾಂಕವೂ ಇಲ್ಲ, ಶೇ 62.34. ಮಕ್ಕಳು ಎರಡು ವರ್ಷದಲ್ಲಿ ದಡ್ಡರಾಗಲಿಲ್ಲ, ಹಿಂದಿನ ಅಂಕಿ ಸುಳ್ಳಾಗಿತ್ತು. ಕಿಟಕಿಯಿಂದ ಚೀಟಿ ಬಂದ ಅಂಕಪಟ್ಟಿಗೆ ಐಟಿಐ ಸೀಟು ಸಿಗಬಹುದು, ಆದರೆ ಮೊದಲ ತಿಂಗಳಲ್ಲೇ ಡ್ರಾಯಿಂಗ್ ಓದಲು ಬಾರದೆ ಹುಡುಗ ವಾಪಸ್ ಬರುತ್ತಾನೆ. ಹಾಗಾಗಿ ಕಲಬುರಗಿಯ ಶೇ 42.43 ಬೇಸರದ ಅಂಕಿಯಾದರೂ ಕೆಲಸ ಶುರು ಮಾಡಬಹುದಾದ ಅಂಕಿ. ಹಿಂದಿನದರ ಮೇಲೆ ಏನೂ ಕಟ್ಟಲಾಗುತ್ತಿರಲಿಲ್ಲ.

ಈಗ ಫೇಲ್ ಎಂದರೆ ವರ್ಷ ಹೋಯಿತು ಎಂದಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. 2025ರಲ್ಲಿ ಪರೀಕ್ಷೆ-1 ಮುಗಿದದ್ದು ಏಪ್ರಿಲ್ 4ಕ್ಕೆ, ಫಲಿತಾಂಶ ಮೇ 2ಕ್ಕೆ, ಪರೀಕ್ಷೆ-2 ಮೇ 26ರಿಂದ. ಫೇಲಾದ ವಿಷಯಗಳನ್ನಷ್ಟೇ ಬರೆದರೆ ಸಾಕು, ಬಹಳ ಮಕ್ಕಳಿಗೆ ಅದು ಗಣಿತ, ವಿಜ್ಞಾನ, ಇಂಗ್ಲಿಷ್‌ಗಳಲ್ಲಿ ಒಂದೋ ಎರಡೋ. ಪಾಸಾದರೆ ಅದೇ ವರ್ಷ ಪಿಯು, ಐಟಿಐ ಸೇರಬಹುದು. ಕಾಗದದ ಮೇಲೆ ಇಷ್ಟು ಒಳ್ಳೆಯ ವ್ಯವಸ್ಥೆ ಹಿಂದೆ ಇರಲಿಲ್ಲ.

ಆದರೆ ಏಪ್ರಿಲ್ 4ರಿಂದ ಮೇ 2ರವರೆಗಿನ ನಾಲ್ಕು ವಾರವನ್ನು ನೋಡಿ. ಕೊನೆಯ ಪೇಪರ್ ಬರೆದ ಹುಡುಗ ಮರುದಿನ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಾನೆ, ಅಣ್ಣ ಇರುವ ಸೈಟಿಗೆ. ಫಲಿತಾಂಶ ಬಂದಾಗ ಸಿಮೆಂಟ್ ಹೊರುತ್ತಿರುತ್ತಾನೆ. ಮೊಬೈಲಿನಲ್ಲಿ ‘ಫೇಲ್’ ಎಂದು ನೋಡಿ ಅದನ್ನು ಜೇಬಿಗೆ ಹಾಕುತ್ತಾನೆ. ಪರೀಕ್ಷೆ-2ಕ್ಕೆ ಶಾಲೆಯ ಮೂಲಕವೇ ಹೆಸರು ನೋಂದಾಯಿಸಬೇಕು, ಅದೂ ಫಲಿತಾಂಶದ ಬೆನ್ನಿಗೆ ಕೆಲವೇ ದಿನಗಳಲ್ಲಿ. ಶಾಲೆಗೆ ಆಗ ಬೇಸಿಗೆ ರಜೆ. ಕೊನೆಯ ಪೇಪರಿನ ದಿನ ಹಾಲ್‌ ಟಿಕೆಟ್ ನೋಡುವಾಗಲೇ ಪ್ರತಿ ಹುಡುಗನ ನಂಬರ್, ಅವನ ಅಣ್ಣನ ನಂಬರ್, ಮೇಸ್ತ್ರಿಯ ನಂಬರ್ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡ ಶಾಲೆಗೆ ಮೇ 3ರಂದು ಮಾಡಬೇಕಾದ ಕೆಲಸ ಒಂದು ಫೋನ್ ಕರೆ: ‘ಗಣಿತ ಒಂದೇ ಹೋಗೇದ, ಇಪ್ಪತ್ತನೇ ತಾರೀಖಿಗೆ ಊರಿಗೆ ಬಾ, ಅರ್ಜಿ ನಾವು ತುಂಬ್ತೀವಿ.’